ವಾರ್ತೆಗೆ ಬಂದ ಮನೆಜಗಳ

ಟೀವಿಯಲ್ಲಿ ವಾರ್ತೆ ಓದುವ ಹೆಣ್ಣುಮಗಳು ಬೊಮ್ಮಲಿಂಗಪ್ಪನ ಹೆಸರನ್ನೇ ಹೇಳಿದಾಗ ಅವನ ಚಹದ ಲೋಟ ಬಾಯಿಯ ಹತ್ತಿರವೇ ನಿಂತಿತು. "ಮೊಳಕಾಲ್ಮೂರಿನ ನೇಕಾರ ಬೊಮ್ಮಲಿಂಗಪ್ಪನವರ ಮನೆಯಲ್ಲಿ ಎಂಟನೇ ದಿನವೂ ಮಾತುಕತೆ ಮುರಿದುಬಿದ್ದಿದೆ. ಪತ್ನಿ ಯರ್ರಮ್ಮನವರು ವರ್ಷವಿಡೀ ನೋಡಿದ ಧಾರಾವಾಹಿಯ ಕೊನೆಯ ಕಂತಿನ ಹೊತ್ತಿಗೆ ಪತಿ ವಿಶ್ವಕಪ್ ಕ್ರಿಕೆಟ್ಟಿಗೆ ಚಾನೆಲ್ ತಿರುಗಿಸಿದ್ದೇ ಇದಕ್ಕೆ ಕಾರಣವೆಂದು ತಿಳಿದುಬಂದಿದೆ."

ತುಟಿ ಆಡುತ್ತಿದ್ದದ್ದು ಪರದೆಯ ಮೇಲೆ, ದನಿ ಬರುತ್ತಿದ್ದದ್ದು ಟೀವಿಯ ಹಿಂದಿನಿಂದ. ಚಳ್ಳಕೆರೆ ಕಾಲೇಜಿನಿಂದ ರಜೆಗೆ ಬಂದ ಮಗಳು ತೇಜಶ್ರೀ, ಸೌಂಡ್ ಹೋಗಿದೆ, ವೈರು ನೋಡುತ್ತೇನೆ ಎಂದು ಆಗಲೇ ಅಲ್ಲಿ ಹೋಗಿ ಕೂತಿದ್ದಳು. ರಾಟೆಯಲ್ಲಿ ರೇಷ್ಮೆ ಸುತ್ತುತ್ತಿದ್ದ ಯರ್ರಮ್ಮನಿಗೆ ಟೀವಿ ಸ್ಟ್ಯಾಂಡಿನ ಕೆಳಗೆ ಮಗಳ ಪಾದಗಳು ಕಂಡವು. ಆದರೂ ಅವಳು ರಾಟೆ ತಿರುಗಿಸುತ್ತಲೇ ಇದ್ದಳು.

ಬೊಮ್ಮಲಿಂಗಪ್ಪ ಲೋಟ ಕೆಳಗಿಟ್ಟ. ಹೆಗಲ ಮೇಲಿನ ಟವೆಲು ತೆಗೆದು ಕಂಕುಳಲ್ಲಿ ಇರುಕಿಕೊಂಡು ಟೀವಿಗೆ ಕೈ ಮುಗಿದ. "ತಪ್ಪಾಗೈತೆ ತಾಯಿ. ಎಲ್ಡೇ ಓವರ್ ಉಳಿದಿದ್ವು. ಆಕಿ ಕಣ್ಣಾಗೆ ನೀರು ಬಂದಿದ್ದು ನೋಡ್ದೆ, ಆದ್ರೂ ತಿರುಗಿಸ್ಲಿಲ್ಲ. ಆಕಿ ಮಾತಾಡ್ದೆ ಮನಿ ಬಿಕೋ ಅಂತೈತೆ. ಊರಿಗೆಲ್ಲ ಹೇಳ್ಬ್ಯಾಡ್ರವ್ವ."

ಟೀವಿಯ ಹಿಂದೆ ಪುಸಕ್ಕನೆ ನಗು ಸಿಡಿಯಿತು. "ಲೇ ತೇಜಿ!" ಎಂದು ಬೊಮ್ಮಲಿಂಗಪ್ಪ ಅತ್ತ ಹೆಜ್ಜೆ ಹಾಕುವಷ್ಟರಲ್ಲಿ ರಾಟೆ ನಿಂತಿತು. "ಟೀವಿಗೆ ಕೈ ಮುಗಿದ್ರೆ ಏನ್ ಬಂತ್ರೀ? ನಾನಿಲ್ಲಿ ಕುಂತೀನಿ," ಎಂದಳು ಯರ್ರಮ್ಮ. ಎಂಟು ದಿನದಲ್ಲಿ ಅವಳಾಡಿದ ಮೊದಲ ಮಾತು. ಅವನು ಅಲ್ಲೇ ನಿಂತು, ಮುಗಿದ ಕೈಯನ್ನು ಅವಳತ್ತ ತಿರುಗಿಸಿದ. ಮೊದಲು ಮಗಳು ನಕ್ಕಳು, ಆಮೇಲೆ ಯರ್ರಮ್ಮ. ಪಕ್ಕದ ಮನೆಯವರು ಮಗ್ಗ ನಿಲ್ಲಿಸಿ ಇಣುಕುವಷ್ಟು ಜೋರಾಗಿ ನಕ್ಕವನು ಬೊಮ್ಮಲಿಂಗಪ್ಪನೇ.