ಬಿಗ್‌ಫುಟ್ ನೋಡುವವರು

“ಅದು ಮರದ ಪಾದ ಕಣಯ್ಯ ಷಡಕ್ಷರಪ್ಪ. ಯಾವನೋ ಕಾಲಿಗೆ ಕಟ್ಕೊಂಡು ಮರಳಲ್ಲಿ ಓಡಾಡವ್ನೆ. ಒಪ್ಕೊಂಡ್ಬುಡು,” ಎಂದು ಕುಮಾರಸ್ವಾಮಿ ಸೋಫಾದ ಕೈಗೆ ಗುದ್ದಿದರು. ಟೀವಿಯಲ್ಲಿ ಅಮೆರಿಕದ ಯಾವುದೋ ಕಾಡು, ಹೊಳೆದಂಡೆ, ಒದ್ದೆ ಮರಳಿನ ಮೇಲೆ ದೊಡ್ಡ ದೊಡ್ಡ ಹೆಜ್ಜೆಗಳು. ಬಿಗ್‌ಫುಟ್ ಅಂತ, ಮೈತುಂಬ ಕೂದಲಿನ, ಮನುಷ್ಯನ ಹಾಗೆ ಎರಡು ಕಾಲಲ್ಲಿ ನಡೆಯುವ ಒಂದು ದೈತ್ಯಪ್ರಾಣಿ ಇದೆಯಂತೆ. ಅದನ್ನು ಹುಡುಕುವವರ ಧಾರಾವಾಹಿ ಅದು. ಅದಕ್ಕಾಗಿ ಅರಸೀಕೆರೆಯ ಈ ಇಬ್ಬರು ಕೊಬ್ಬರಿ ವರ್ತಕರು ಭಾನುವಾರ ಯಾರ ಮನೆ ಮದುವೆಯಿದ್ದರೂ ಊಟ ಮುಗಿಸಿ ಷಡಕ್ಷರಪ್ಪನವರ ಮನೆಗೆ ಓಡಿಬರುತ್ತಿದ್ದರು. ಇಬ್ಬರೂ ಒಂದು ಕಂತು ಬಿಟ್ಟವರಲ್ಲ. ಷಡಕ್ಷರಪ್ಪನವರು ಅದು ಇದೆ ಎಂದು ನೋಡುತ್ತಿದ್ದರು, ಕುಮಾರಸ್ವಾಮಿ ಇಲ್ಲ ಎಂದು ನೋಡುತ್ತಿದ್ದರು, ಅಷ್ಟೇ ವ್ಯತ್ಯಾಸ.

“ಐತೆ ಅಂದ್ರೆ ಐತೆ,” ಎಂದರು ಷಡಕ್ಷರಪ್ಪನವರು.

“ಹಂಗಂದ್ರಾಗಲ್ಲ. ಉತ್ತರ ಕೊಡು. ಇಲ್ಲಾಂದ್ರೆ ನಾಳೆ ಮಂಡೀಲಿ ಎಲ್ಲರ ಮುಂದೆ ಸೋತೆ ಅಂತ ಹೇಳ್ಬೇಕು ನೀನು.”

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಷಡಕ್ಷರಪ್ಪನವರ ಸೊಸೆ ಮೇಘಶ್ರೀಗೆ ಒಳಗೊಳಗೇ ಕುದಿಯುತ್ತಿತ್ತು. ಬೇಲೂರಿನ ತವರುಮನೆಯಲ್ಲಿ ಇದೇ ಧಾರಾವಾಹಿಯನ್ನು ಅಣ್ಣಂದಿರ ನಡುವೆ ಚಕ್ಕಳಮಕ್ಕಳ ಹಾಕಿ ಕೂತು ನೋಡಿದವಳು ಅವಳು. ವಾದಕ್ಕೆ ನಿಂತರೆ ಅಣ್ಣಂದಿರೇ ಸಾಕು ಮಾಡೇ ತಾಯಿ ಎಂದು ಕೈಮುಗಿಯುತ್ತಿದ್ದರು. ಮದುವೆಯಾಗಿ ಇಲ್ಲಿಗೆ ಬಂದಮೇಲೆ ಬಾಯಿಗೆ ಬೀಗ. ಮಾವ ಪಡಸಾಲೆಯಲ್ಲಿದ್ದರೆ ಸೊಸೆ ಅಲ್ಲಿ ಕೂರುವಂತಿಲ್ಲ, ಬಂದವರ ಮುಂದೆ ಮಾತಾಡುವಂತಿಲ್ಲ. ಯಾರೂ ಗದರಿ ಹೇಳಿದ್ದಲ್ಲ; ಅವಳು ಬಂದ ಹೊಸತರಲ್ಲೇ ಅತ್ತೆ ಮಹದೇವಮ್ಮ ಮೆಲ್ಲಗೆ, “ನಮ್ಮನೇಲಿ ಹಂಗಿಲ್ಲ ಕಣವ್ವ,” ಎಂದಿದ್ದರು. ಮೇಘಶ್ರೀಗೆ ಒಡವೆ ಬೇಕಿರಲಿಲ್ಲ, ಸೀರೆ ಬೇಕಿರಲಿಲ್ಲ. ಆ ಸೋಫಾದ ಮೇಲೆ ಕೂತು ಒಂದೇ ಒಂದು ಸಲ ಬಾಯಿತುಂಬ ವಾದ ಮಾಡಬೇಕಿತ್ತು.

“ಸೋತೆ ಅನ್ನಯ್ಯ, ಅದ್ಕೇನು ನಾಚ್ಕೆ,” ಎಂದು ಕುಮಾರಸ್ವಾಮಿ ಮತ್ತೆ ಕೆಣಕಿದರು.

“ಮರದ ಪಾದ ಆಗಿದ್ರೆ ಎಲ್ಲಾ ಹೆಜ್ಜೆನೂ ಒಂದೇ ಥರ ಇರ್ಬೇಕಿತ್ತಲ್ಲ?”

ಮಾತು ಮೇಘಶ್ರೀಯ ಬಾಯಿಂದ ಹಾರಿಹೋಗಿತ್ತು. ಆಮೇಲೆ ನಾಲಿಗೆ ಕಚ್ಚಿಕೊಂಡು ಏನು ಬಂತು? ಬೆನ್ನ ಹಿಂದೆಯೇ ಅತ್ತೆ ನಿಂತಿದ್ದಾರೆ ಎಂಬುದು ಅವಳಿಗೆ ಈಗ ನೆನಪಾಯಿತು. ಷಡಕ್ಷರಪ್ಪನವರು ರಿಮೋಟು ಒತ್ತಿ ಚಿತ್ರ ನಿಲ್ಲಿಸಿದರು.

“ಏನಂದೆವ್ವ?”

“ಏನಿಲ್ಲ ಮಾವ.”

“ಏನಿಲ್ಲ ಅಂದ್ರೆ ಬಿಡಲ್ಲ. ಇಲ್ಬಾ, ಬಂದು ತೋರ್ಸು.”

ಇನ್ನೇನು ಮಾಡುವುದು, ಆಡಿದ್ದಾಗಿದೆ. ಸೆರಗು ಸಿಕ್ಕಿಸಿಕೊಂಡು ಟೀವಿಯ ಹತ್ತಿರ ಹೋದಳು. “ನೋಡಿ ಮಾವ, ಇಲ್ಲಿ ನೆಲ ಸಪಾಟು, ಬೆರಳು ಒತ್ತಾಗಿವೆ. ಮುಂದೆ ದಿಬ್ಬ. ಅಲ್ಲಿ ಅದೇ ಬೆರಳು ಬಿಚ್ಕೊಂಡು ಮರಳು ಕಚ್ಚಿವೆ. ಮರದ ಪಾದ ಅಂದ್ರೆ ಕರ್ಜಿಕಾಯಿ ಅಚ್ಚು ಇದ್ದಂಗೆ. ಎಷ್ಟು ಸಲ ಒತ್ತಿದ್ರೂ ಅದೇ ಬೀಳ್ಬೇಕು.”

ಕುಮಾರಸ್ವಾಮಿ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. ಅವರೇನು ಸುಲಭಕ್ಕೆ ಬಿಡುವ ಆಸಾಮಿಯಲ್ಲ. “ಎರಡು ಮೂರು ಜೊತೆ ಪಾದ ಮಾಡ್ಸಿರ್ತಾನೆ ಕಣಮ್ಮ.”

“ಮಾಡ್ಸಿರ್ಲಿ ಅಂಕಲ್. ತೂಕ ಎಲ್ಲಿಂದ ತರ್ತಾನೆ? ಹೋದ ವಾರ ಹುಡುಕೋರ ತಂಡದ ಆ ಟೋಪಿಯವನು ಇದೇ ಹೆಜ್ಜೆ ಪಕ್ಕದಲ್ಲಿ ಎಗರಿ ಎಗರಿ ಕುಪ್ಪಳಿಸಿದ. ಅವನ ಬೂಟು ಇದರ ಅರ್ಧಕ್ಕೂ ಇಳೀಲಿಲ್ಲ.”

“ಅದ್ಯಾವಾಗ? ನಾವು ನೋಡ್ಲೇ ಇಲ್ವಲ್ಲ?”

“ಆವಾಗ ನೀವಿಬ್ರೂ ಜಗಳ ಆಡ್ತಿದ್ರಿ.”

ಷಡಕ್ಷರಪ್ಪನವರು ತೊಡೆ ತಟ್ಟಿಕೊಂಡು ನಕ್ಕ ನಗು ಬೀದಿಗೆ ಕೇಳಿಸಿರಬೇಕು. “ಏನ್ಲಾ ಕುಮಾರ, ಈಗ ಮಾತಾಡು.” ಕುಮಾರಸ್ವಾಮಿ ತಾವೂ ನಕ್ಕರು. “ಬಿಗ್‌ಫುಟ್ ಐತೋ ಇಲ್ವೋ ಮುಂದೆ ನೋಡನ. ಇವತ್ತಿನ ವಾದ ನಿನ್ನ ಸೊಸೆ ಗೆದ್ಲು. ನಾಳೆ ಮಂಡೀಲಿ ನಾನೇ ಹೇಳ್ತೀನಿ, ಬುಡು.” ಮೇಘಶ್ರೀಗೆ ಕುಣಿಯಬೇಕು ಅನ್ನಿಸಿತು. ಈ ಮನೆಗೆ ಬಂದಮೇಲೆ ಇಷ್ಟು ಖುಷಿ ಅವಳಿಗೆ ಎಂದೂ ಆಗಿರಲಿಲ್ಲ.

“ನಿಂತೇ ಇದ್ದೀಯಲ್ಲ, ಕೂತ್ಕೊಳವ್ವ,” ಎಂದು ಮಾವ ಸೋಫಾ ತೋರಿಸಿದರು. ಆಗ ಅವಳಿಗೆ ಅತ್ತೆಯ ನೆನಪಾಗಿ ತಿರುಗಿ ನೋಡಿದಳು. ಮಹದೇವಮ್ಮ ಕೈ ಒರೆಸಿಕೊಳ್ಳುತ್ತ ಪಡಸಾಲೆಗೆ ಬರುತ್ತಿದ್ದರು. ಮುಖ ಗಂಟುಹಾಕಿಕೊಂಡೇ ಇತ್ತು. ಮುಗಿಯಿತು ನನ್ನ ಕಥೆ ಅಂದುಕೊಂಡಳು ಮೇಘಶ್ರೀ.

“ಕೂತ್ಕೊಳೇ, ನೋಡ್ತಾ ನಿಂತವ್ಳೆ. ಸ್ವಲ್ಪ ಒತ್ತರಿಸ್ಕೊ, ನಾನೂ ಕೂತ್ಕತೀನಿ.”

ಮಹದೇವಮ್ಮ ಈ ಮನೆಗೆ ಸೊಸೆಯಾಗಿ ಬಂದು ಎಷ್ಟೋ ಕಾಲವಾಗಿತ್ತು. ಬಂದವರ ಎದುರು ಅವರು ಪಡಸಾಲೆಯಲ್ಲಿ ಕೂತದ್ದನ್ನು ಗಂಡನೂ ಕಂಡಿರಲಿಲ್ಲ. ಕುಮಾರಸ್ವಾಮಿ ಎದ್ದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡರು. ಷಡಕ್ಷರಪ್ಪನವರು ಸೋಫಾದ ಅಂಚಿಗೆ ಸರಿದು, ಟೀವಿ ಡಬ್ಬಿಯಲ್ಲಿ ರೆಕಾರ್ಡ್ ಆಗಿದ್ದ ಇವತ್ತಿನ ಕಂತನ್ನು ಮತ್ತೆ ಮೊದಲಿನಿಂದ ಹಾಕಿದರು. ಹುಡುಕುವ ತಂಡದವರು ಸಾಲಾಗಿ ಬಂದು ನಿಂತರು. ಅಡುಗೆಮನೆ ಬಾಗಿಲಿನಿಂದ ನೋಡುವವರಿಗೆ ಶೋಕೇಸು ಅಡ್ಡ ಬಂದು ಆ ಸಾಲಿನ ಕೊನೆ ಕಾಣುತ್ತಿರಲಿಲ್ಲ. ಕನ್ನಡದಲ್ಲಿ ಎಲ್ಲರ ಮಾತನ್ನೂ ಒಬ್ಬ ಗಂಡಸೇ ಹೇಳುತ್ತಿದ್ದ.

ಮಹದೇವಮ್ಮ ಮುಂದಕ್ಕೆ ಬಾಗಿ ಸೊಸೆಯ ಮುಂಗೈ ಹಿಡಿದುಕೊಂಡರು.

“ಮೇಘಾ, ಇವರ ಜೊತೆ ಒಬ್ಬ ಹೆಂಗ್ಸೂ ಕಾಡಿಗೆ ಹೋಯ್ತಾಳೇನೇ? ಇಷ್ಟು ದಿವ್ಸ ಬಾಗ್ಲಲ್ಲಿ ನಿಂತು ನೋಡ್ತಿದ್ದೆ, ನಂಗೆ ಕಂಡೇ ಇರ್ಲಿಲ್ವಲ್ಲ.”