ಮುಖ ಹೊಂದುವುದಿಲ್ಲ

ಮತಗಟ್ಟೆಯಾಗಿ ಮಾರ್ಪಟ್ಟಿದ್ದ ಶಾಲೆಯ ಕೋಣೆಯಲ್ಲಿ ಗಣಿತದ ಟೀಚರ್ ಆ ಗುರುತಿನ ಚೀಟಿಯನ್ನು ಮೂರನೇ ಸಲ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಎದುರಿಗಿದ್ದ ಹೆಂಗಸಿನ ಕಣ್ಣು ತಪ್ಪಿಸಿ, ಮುಖ ಹೊಂದುವುದಿಲ್ಲ ಎಂದರು. ಹಿಂದೆ ನಿಂತಿದ್ದ ಕ್ಷೌರಿಕ ಕತ್ತು ಚಾಚಿ ಚೀಟಿಯತ್ತ ಇಣುಕಿದ. ಆಕೆ ಅವನ ಅಕ್ಕ. ಹೋದ ವರ್ಷ ದವಡೆಯ ಆಪರೇಷನ್ ಆದ ಮೇಲೆ ಅವಳ ಎಡಗೆನ್ನೆ ಒಳಕ್ಕೆ ಸೇದಿಕೊಂಡಿತ್ತು. ಚೀಟಿಯಲ್ಲಿದ್ದವಳು ಮಾತ್ರ ಒಂಬತ್ತು ವರ್ಷದ ಹಿಂದಿನ ತುಂಬುಗೆನ್ನೆಯಲ್ಲೇ ನಗುತ್ತಿದ್ದಳು.

“ಹನ್ನೊಂದು ವರ್ಷದಿಂದ ನಿಮ್ಮ ಮನೆ ಬಟ್ಟೆ ಇಸ್ತ್ರಿ ಮಾಡ್ತಿರೋದು ನಾನೇ ಅಲ್ವಾ ಟೀಚರ್?” ಎಂದಳು ಅಕ್ಕ.

“ನೀನು ನನಗೆ ಗೊತ್ತಮ್ಮ. ಆದ್ರೆ ನನಗೆ ಗೊತ್ತಿದ್ರೆ ಈಗ ಸಾಲದು.”

ಅದೂ ನಿಜವೇ. ಮೊದಲಾಗಿದ್ದರೆ ಅಕ್ಕಪಕ್ಕದ ಮನೆಯವರಿಬ್ಬರು ‘ಇವರು ನಮ್ಮವರೇ’ ಎಂದರೆ ಮುಗಿಯುತ್ತಿತ್ತು. ಆ ಕಲಮನ್ನು ಕಿತ್ತುಹಾಕಿಸಿದ್ದು ಅವರದೇ ಕ್ಷೇತ್ರದ ಶಾಸಕರು. ಊರು ತುಂಬ ಕಳ್ಳ ಮತದಾರರಿದ್ದಾರೆ ಎಂದು ಅವರು ಎರಡು ವರ್ಷ ಗಂಟಲು ಹರಿದುಕೊಂಡಿದ್ದರು. ಹಾಗಾದರೆ ಒಬ್ಬನನ್ನಾದರೂ ತೋರಿಸಿ ಎಂದು ವಿರೋಧ ಪಕ್ಷದವರು ಕೇಳಿದಾಗ, ಒಬ್ಬನೂ ಸಿಗದಿರುವುದೇ ಅವರೆಂಥ ಕಳ್ಳರೆಂಬುದಕ್ಕೆ ಸಾಕ್ಷಿ ಎಂದು ಸದನದಲ್ಲಿ ಮೇಜು ಕುಟ್ಟಿದ್ದರು. ಕಾಯ್ದೆ ಬಂತು. ಮುಖ ಹೊಂದದವರನ್ನು ಒಳಗೆ ಬಿಟ್ಟರೆ, ಬಿಟ್ಟ ಅಧಿಕಾರಿಗೇ ಜೈಲು. ಮತದಾನದ ಹಿಂದಿನ ವಾರವೆಲ್ಲ ಕ್ಷೌರಿಕನ ಸಲೂನಿನಲ್ಲಿ ಜನ ಚೀಟಿಯನ್ನು ಕನ್ನಡಿಗೆ ಒರಗಿಸಿಟ್ಟು, ಅದರಲ್ಲಿದ್ದ ಹಾಗೆಯೇ ಗಡ್ಡ ಮೀಸೆ ತೆಗೆಸಿಕೊಂಡು ಹೋಗಿದ್ದರು. ಅಕ್ಕನ ಕೆನ್ನೆಗೆ ಮಾತ್ರ ತಮ್ಮನ ಕತ್ತರಿಯಲ್ಲಿ ಉಪಾಯವಿರಲಿಲ್ಲ.

ಅಕ್ಕ ಚೀಟಿಯನ್ನು ಚೀಲಕ್ಕೆ ತುರುಕಿಕೊಂಡು ಹೊರಟಳು. ‘ಮುಖ ಹೊಂದದವರು’ ಎಂಬ ಪುಟದಲ್ಲಿ ಟೀಚರ್ ಒಂದು ಗೆರೆ ಎಳೆದರು.

ಅಷ್ಟರಲ್ಲಿ ಶಾಸಕರೇ ಬಂದರು. ಸಾಲು ತಾನಾಗಿಯೇ ಪಕ್ಕಕ್ಕೆ ಸರಿಯಿತು. ಕ್ಯಾಮೆರಾದವರೆಲ್ಲ ಬಾಗಿಲಲ್ಲೇ ನಿಂತರು. ಅವರಿಗೆ ಕೇಳಿಸುವಂತೆ ಶಾಸಕರು, “ನನಗೇನೂ ರಿಯಾಯಿತಿ ಬೇಡ ಟೀಚರ್. ಎಲ್ಲರದ್ದು ನೋಡೋ ಹಾಗೆ ನನ್ನದನ್ನೂ ಸರಿಯಾಗಿ ನೋಡಿ,” ಎಂದರು.

ಟೀಚರ್ ಸರಿಯಾಗಿಯೇ ನೋಡಿದರು. ಈವರೆಗೆ ಆ ಚೀಟಿಯನ್ನು ನೋಡಿದವರೇ ಇರಲಿಲ್ಲ. ಎಲ್ಲರೂ ಕೈಮುಗಿದು ಒಳಗೆ ಬಿಟ್ಟವರೇ. ಚೀಟಿಯಲ್ಲಿ, ಶಾಸಕರಾಗುವ ಮೊದಲು ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಕಾಲದ, ನುಣ್ಣಗೆ ಬೋಳಾದ ತೆಳ್ಳನೆಯ ಮನುಷ್ಯನೊಬ್ಬನಿದ್ದ. ಎದುರಿಗೆ ಹಣೆಯ ಮೇಲೆ ಗುಂಗುರು ಇಳಿಬಿದ್ದ ದುಂಡು ಮುಖ. ಆ ಗುಂಗುರು ವಿಗ್ ಎಂಬುದು ಶಾಸಕರ ಹೆಂಡತಿಯನ್ನು ಬಿಟ್ಟರೆ ಗೊತ್ತಿದ್ದದ್ದು ಕ್ಷೌರಿಕನೊಬ್ಬನಿಗೇ. ತಿಂಗಳಿಗೆರಡು ಸಲ ಹಿಂಬಾಗಿಲಿನಿಂದ ಹೋಗಿ ಅದನ್ನು ಅಂಟಿಸಿ ಬರುವವನು ಅವನು. ಹೋದ ಸಲ ಅಕ್ಕನ ವಿಷಯ ಎತ್ತಿದ್ದಕ್ಕೆ ಶಾಸಕರು ಕನ್ನಡಿಯಿಂದ ಕಣ್ಣು ಕೀಳದೆ, ಒಬ್ಬರಿಗೆ ಸಡಿಲ ಬಿಟ್ಟರೆ ಕಾಯ್ದೆಗೆ ಏನು ಬೆಲೆ ಉಳಿಯಿತು ಎಂದಿದ್ದರು.

“ಹೊಂದ್ತಾ ಇಲ್ಲ ಸರ್,” ಎಂದರು ಟೀಚರ್, ತಗ್ಗಿದ ದನಿಯಲ್ಲಿ. “ಅದು ವಿಗ್ ಆಗಿದ್ರೆ ಹೇಳಿ. ಒಂದ್ಸಲ ತೆಗೆದು ತೋರಿಸಿದ್ರೆ ಆಯ್ತು.”

ಶಾಸಕರು ಮೊದಲು ನಕ್ಕರು. ಬಾಗಿಲಲ್ಲಿದ್ದ ಕ್ಯಾಮೆರಾಗಳ ಕಡೆ ಒಮ್ಮೆ ನೋಡಿದ ಮೇಲೆ ಆ ನಗು ನಿಂತಿತು. ಕಿವಿ ಕೆಂಪಾಯಿತು. ಕ್ಷೌರಿಕನನ್ನು ಮುಂದಕ್ಕೆ ಎಳೆದುಕೊಂಡು, ಬೇಕಾದರೆ ಇವನನ್ನೇ ಕೇಳಿ, ನನ್ನ ತಲೆ ಇವನಿಗೆ ಗೊತ್ತು ಎಂದರು. ಬಾಯಿ ಹಾಗೆ ಹೇಳುತ್ತಿದ್ದರೂ ಕಣ್ಣುಗಳು, ಮಾರಾಯ, ಬಾಯಿ ಬಿಡಬೇಡ ಎಂದು ಅಂಗಲಾಚುತ್ತಿದ್ದವು.

ಗಿರಾಕಿಯ ಗುಟ್ಟು ಕಾಯುವುದು ಕಸುಬಿನ ಮರ್ಯಾದೆ; ಇಪ್ಪತ್ತು ವರ್ಷದಲ್ಲಿ ಕ್ಷೌರಿಕ ಅದಕ್ಕೆ ತಪ್ಪಿದವನಲ್ಲ. ಚೀಲ ಎದೆಗವಚಿಕೊಂಡು ಹೋದ ಅಕ್ಕನ ಬೆನ್ನು ಮಾತ್ರ ಅವನ ಕಣ್ಣೆದುರಿನಿಂದ ಸರಿಯಲಿಲ್ಲ. ಮುಂದೆ ಆಡಿದ ಮಾತಿನಲ್ಲಿ ಮರ್ಯಾದೆ ಎಷ್ಟು, ಸಿಟ್ಟು ಎಷ್ಟು ಎಂಬುದು ಅವನಿಗೇ ತಿಳಿಯಲಿಲ್ಲ.

“ಅಪ್ಪಟ ಅವರದ್ದೇ ಕೂದಲು ಟೀಚರ್. ಬುಡದಿಂದ ಬೆಳೆದಿರೋದು. ವಿಗ್ಗೂ ಇಲ್ಲ ಗಿಗ್ಗೂ ಇಲ್ಲ.”

“ಹಾಗಾದ್ರೆ ಚೀಟಿಯಲ್ಲಿರೋ ಬೋಳು ತಲೆಯವರು ಬೇರೆ ಯಾರೋ,” ಎಂದು ಟೀಚರ್ ಚೀಟಿಯನ್ನು ಹಿಂದಕ್ಕೆ ಕೊಟ್ಟರು.

ಶಾಸಕರು ಚೀಟಿಯನ್ನು ಜೇಬಿಗಿಳಿಸಿದರು. ಕ್ಷೌರಿಕನನ್ನು ಬೈಯುವಂತೆಯೂ ಇರಲಿಲ್ಲ, ಹೊಗಳುವಂತೆಯೂ ಇರಲಿಲ್ಲ. ಹೊರಗೆ ಹೋಗಿ, ಮತ ಹಾಕಿ ಬಂದವರಂತೆಯೇ ಕ್ಯಾಮೆರಾಗಳಿಗೆ ಕೈ ಬೀಸಿದರು. ಒಳಗೆ ಟೀಚರ್ ಇನ್ನೊಂದು ಗೆರೆ ಎಳೆದರು. ಮೀಸೆ ಬೋಳಿಸಿಕೊಂಡು ಬಂದಿದ್ದ ಕ್ಷೌರಿಕನ ಮುಖ ಮಾತ್ರ ಚೀಟಿಗೆ ಸರಿಯಾಗಿ ಹೊಂದಿತು.

ಮರುದಿನ ಬೆಳಿಗ್ಗೆ ಸಲೂನಿನಲ್ಲಿ, ಮುಖದ ತುಂಬ ಸೋಪಿನ ನೊರೆ ಹಚ್ಚಿಸಿಕೊಂಡ ಗಿರಾಕಿಯೊಬ್ಬ ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದ. ಒಂದೇ ಶಾಲೆಯ ಒಂದೇ ಕೋಣೆಯಲ್ಲಿ ಹದಿನಾಲ್ಕು ಕಳ್ಳ ಮತದಾರರು ಸಿಕ್ಕಿಬಿದ್ದಿದ್ದಾರೆ, ನಮ್ಮ ಕಾಯ್ದೆ ಫಲ ಕೊಟ್ಟಿದೆ ಎಂದು ಶಾಸಕರು ಹೇಳಿಕೆ ಕೊಟ್ಟಿದ್ದರು. ಎಲ್ಲಿಂದ ಬರುತ್ತಾರೋ ಇಂಥವರು, ಒದ್ದು ಒಳಗೆ ಹಾಕಬೇಕು ಎಂದು ಗಿರಾಕಿ ಹಲ್ಲು ಕಡಿದ. ತೊಳೆದ ಟವೆಲುಗಳನ್ನು ಕೊಡಲು ಬಂದಿದ್ದ ಅಕ್ಕ, ತಾನು ಹೊರಟ ಮೇಲೆ ಮತಗಟ್ಟೆಯಲ್ಲಿ ನಡೆದದ್ದನ್ನೆಲ್ಲ ರಾತ್ರಿಯೇ ತಮ್ಮನಿಂದ ಕೇಳಿ ತಿಳಿದಿದ್ದಳು. ಟವೆಲುಗಳನ್ನು ಕಪಾಟಿನಲ್ಲಿ ಜೋಡಿಸುತ್ತ ಹೇಳಿದಳು:

“ಸುಮ್ನೆ ಬೈಬಾರದು ಸಾರ್. ಕಳ್ಳರನ್ನ ಎಣಿಸುವಾಗ ಶಾಸಕರು ತಮ್ಮನ್ನೂ ಬಿಡದೆ ಎಣಿಸಿದ್ದಾರಲ್ಲ, ಅಷ್ಟು ಪ್ರಾಮಾಣಿಕರು ಈ ಕಾಲದಲ್ಲಿ ಯಾರು ಸಿಗ್ತಾರೆ?”