ಸ್ಕ್ಯಾನ್ ಮಾಡಿಸಿಕೊಂಡು ಬಂದವನು

"ಸ್ಕ್ಯಾನ್ ಆಯ್ತು ಕಣೇ, ಎಲ್ಲಾ ನಾರ್ಮಲ್ಲು!" ಎನ್ನುತ್ತಾ ಲಿಫ್ಟ್ ಮೆಕ್ಯಾನಿಕ್ ಬಾಗಿಲಲ್ಲಿ ಚಪ್ಪಲಿ ಬಿಟ್ಟ. ಮೀಸೆಗೆ ಬನ್ನಿನ ಚೂರು ಅಂಟಿತ್ತು. ಹೊಲಿಗೆ ಮಿಷನ್ ತುಳಿಯುತ್ತಿದ್ದ ಹೆಂಡತಿ ಕಾಲು ನಿಲ್ಲಿಸಿದಳು.

"ಬನ್ನು ಯಾವಾಗ ತಿಂದ್ರಿ?"

"ಒಳಗೆ ಹೋಗೋಕೆ ಮುಂಚೆ. ಹೊಟ್ಟೆ ಚುರುಗುಟ್ತಿತ್ತು."

"ಲಿವರ್ ಸ್ಕ್ಯಾನ್‌ಗೆ ಖಾಲಿ ಹೊಟ್ಟೇಲಿ ಹೋಗ್ಬೇಕು ರೀ. ಆಸ್ಪತ್ರೆ ಮೆಟ್ಟಿಲಾದ್ರೂ ಹತ್ತಿದ್ರಾ?"

ಅವನು ಮೀಸೆ ಒರೆಸಿಕೊಂಡ. ಹತ್ತನೇ ಮಹಡಿಯಲ್ಲಿ ಜೋತಾಡಿಕೊಂಡು ನಟ್ಟು ಬಿಗಿಯುವ ಗಂಡಸು, ಸ್ಕ್ಯಾನ್ ಅಂದರೆ ಮಾತ್ರ ಬೆವರುತ್ತಿದ್ದ. ರಕ್ತದಲ್ಲಿ ಲಿವರ್ ಕೆಡಿಸುವ ಹೆಪಟೈಟಿಸ್ ಬಿ ವೈರಸ್ ಇದೆಯೆಂದು ಗೊತ್ತಾಗಿ ವರ್ಷಗಳಾಗಿದ್ದವು. ಮಾತ್ರೆ ನುಂಗುತ್ತಿದ್ದ, ನಿಜ. ಆದರೆ ಆರು ತಿಂಗಳಿಗೊಮ್ಮೆ ಮಾಡಿಸಬೇಕಾದ ಸ್ಕ್ಯಾನ್ ತಪ್ಪಿಸುತ್ತಿದ್ದ. ಅವನಮ್ಮ ಹೋಗಿದ್ದು ಲಿವರ್ ಕ್ಯಾನ್ಸರಿನಿಂದಲೇ.

"ಏನಾದ್ರೂ ಕಾಣಿಸಿಬಿಟ್ರೆ?" ಎಂದ ಮೆಲ್ಲಗೆ.

"ಇದ್ರೆ ಕಾಣಿಸ್ಲಿ ಅಂತಾನೇ ಹೋಗೋದು. ಅತ್ತೆಗೆ ಕೈ ಮೀರಿದ ಮೇಲೆ ಕಾಣಿಸ್ತು. ನಿಮಗೆ ಹಾಗಾಗೋಕೆ ನಾನು ಬಿಡಲ್ಲ."

ಮರುದಿನ ಬೆಳಿಗ್ಗೆ ಅವಳು ಅಡುಗೆಮನೆ ಬಾಗಿಲು ಹಾಕಿ, ಗಂಡನ ರಟ್ಟೆ ಹಿಡಿದು ಹೊರಟಳು.

"ಎಮ್ಮೆ ಹೊಡ್ಕೊಂಡು ಹೋಗೋ ಹಾಗೆ ಹೋಗ್ತಿದ್ದೀಯಲ್ಲೇ!"

"ಎಮ್ಮೆ ಇಷ್ಟು ಹಟ ಮಾಡಲ್ಲ. ನಡೀರಿ."

ಸ್ಕ್ಯಾನ್ ಕೋಣೆಯಲ್ಲಿ ಡಾಕ್ಟರಮ್ಮ ಅವನ ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿದರು. "ಉಸಿರು ಎಳ್ಕೊಳ್ಳಿ. ಹಾಗೇ ಹಿಡ್ಕೊಳ್ಳಿ." ಅವರ ಕೈ ಅಲ್ಲಿ ಇಲ್ಲಿ ಸರಿದಾಡಿ ಒಂದೇ ಕಡೆ ನಿಂತುಬಿಟ್ಟಿತು. ಹೆಂಡತಿಯೂ ಉಸಿರು ಹಿಡಿದಳು.

"ಸಣ್ಣದೊಂದು ಗಂಟು ಇದೆ. ಏನು ಅಂತ ಇನ್ನೊಂದು ಸ್ಕ್ಯಾನ್‌ನಲ್ಲಿ ನೋಡ್ಬೇಕು. ಕ್ಯಾನ್ಸರ್ ಆಗಿದ್ರೂ ಇಷ್ಟು ಚಿಕ್ಕದಿರುವಾಗ ಸಿಕ್ಕಿದೆ, ತೆಗೆಯೋಕೆ ದಾರಿ ಇದೆ." ಡಾಕ್ಟರಮ್ಮ ಅವನ ಮುಖ ನೋಡಿದರು. "ಹುಟ್ಟುವಾಗ್ಲೇ ತಾಯಿಯಿಂದ ಬಂದಿರೋ ವೈರಸ್ ಇರ್ಬಹುದು. ಒಡಹುಟ್ಟಿದವರು ರಕ್ತ ಟೆಸ್ಟ್ ಮಾಡಿಸಿದ್ದಾರಾ?"

"ತಮ್ಮ ಒಬ್ಬ ಇದ್ದಾನೆ. ಟೆಸ್ಟ್ ಅಂದ್ರೆ ಫೋನೇ ಇಟ್ಟುಬಿಡ್ತಾನೆ," ಎಂದಳು ಹೆಂಡತಿ. ಅಷ್ಟು ದೂರ ಎಳೆದು ತಂದವಳು ಈಗ ಪಕ್ಕದ ಸ್ಟೂಲಿನ ಮೇಲೆ ಕೂತು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಅವನು ಮಲಗಿದ್ದಲ್ಲಿಂದಲೇ ಅವಳ ಕಡೆ ಕೈ ಚಾಚಿದ.

"ಫೋನ್ ಕೊಡೇ ಇಲ್ಲಿ."

ಜೆಲ್ ಒರೆಸಿಕೊಳ್ಳುವಷ್ಟೂ ತಾಳ್ಮೆಯಿಲ್ಲದೆ, ಅಂಗಿ ಎದೆಗೇರಿಸಿಕೊಂಡೇ ತಮ್ಮನಿಗೆ ಫೋನ್ ಮಾಡಿದ. "ಲೋ, ಆಸ್ಪತ್ರೆಗೆ ಬಾ, ಟೆಸ್ಟ್‌ಗೆ ರಕ್ತ ಕೊಡು. ಹೂಂ ಕಣೋ, ನಂಗೇನೋ ಕಾಣಿಸಿದೆ... ಏನು, ಹೆದರಿಕೆನಾ? ಹೆದರ್ಕೊಂಡೇ ಬಾರೋ. ನಾನೂ ಹಾಗೇ ಬಂದಿದ್ದು."